ಡಿಸೆಂಬರಿನಲ್ಲಿ ಮೊಟ್ಟೆಯಿಟ್ಟ ಬೆಳವ

(ಡಲ್ಲಾಸ್, ಹ್ಯೂಸ್ಟನ್ ಮತ್ತು ಆಸ್ಟಿನ್ ಕನ್ನಡಿಗರು ಸೇರಿದ್ದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಪಕ್ಷಿತಜ್ಞನಲ್ಲ. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ವಾರಾಂತ್ಯದಲ್ಲಿ ಬೈನಾಕ್ಯುಲರ್ ನೇತುಹಾಕಿಕೊಂಡು ಕೆರೆ ದಂಡೆಯಲ್ಲಿ ತಿರುಗುವವನು. ಇದು ಬಳಗದಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ಹಕ್ಕಿಯ ವಿಷಯ ಏನಿದ್ದರೂ ಫೋನ್ ನನಗೇ ಬರುತ್ತದೆ. ಹಿಂದಿನ ಚಳಿಗಾಲದಲ್ಲಿ ಮೂರು ಊರಿನಿಂದ ಮೂರು ಕರೆ ಬಂದವು. ಡಲ್ಲಾಸಿನ ಗೆಳೆಯರ ಮನೆಯಲ್ಲಿ ಡಿಸೆಂಬರ್ ತಿಂಗಳಲ್ಲಿ ಹಿತ್ತಿಲ ಲೈವ್ ಓಕ್ ಮರದ ಮೇಲೆ ಬೆಳವ ಕಾವಿಗೆ ಕೂತಿತ್ತು. ಹ್ಯೂಸ್ಟನ್ ಹೊರವಲಯದ ಒಬ್ಬರು, ಕೆರೆಯಾಚೆಯ ಪೈನ್ ಮರದ ದೊಡ್ಡ ಗೂಡಿನಲ್ಲಿ ಬಿಳಿ ತಲೆಯ ಹದ್ದು ಕದಲದೆ ಕೂತಿದೆ ಎಂದರು. ಆಸ್ಟಿನ್‌ನವರು, ಹಸಿರು ಗಿಳಿಗಳು ಜನವರಿಯ ಚಳಿಯಲ್ಲೂ ಬಾಯಲ್ಲಿ ಕಡ್ಡಿ ಹಿಡಿದು ಆಟದ ಮೈದಾನದ ದೀಪದ ಕಂಬಕ್ಕೆ ಹಾರುತ್ತಿವೆ ಎಂದರು. ಮೂವರ ಪ್ರಶ್ನೆಯೂ ಒಂದೇ: "ಇದು ಅಕಾಲ ಅಲ್ಲವೇನ್ರೀ? ಹವಾಮಾನ ಅಷ್ಟು ಕೆಟ್ಟುಹೋಯಿತೇ?"

ಪ್ರಶ್ನೆ ಒಂದೇ ಆದರೂ ಉತ್ತರ ಮೂರು.

ಗಿಳಿಯದು ಸುಲಭ, ಅದನ್ನು ಮೊದಲು ಮುಗಿಸಿಬಿಡೋಣ. ಇವು ಮಾಂಕ್ ಪ್ಯಾರಕೀಟ್‌ಗಳು. ದಕ್ಷಿಣ ಅಮೆರಿಕದವು. ಸಾಕುಹಕ್ಕಿ ವ್ಯಾಪಾರಕ್ಕೆಂದು ತಂದವು ಪಂಜರದಿಂದ ತಪ್ಪಿಸಿಕೊಂಡು ಈ ಮೂರೂ ಊರಿನಲ್ಲಿ ಸಂಸಾರ ಹೂಡಿವೆ. ನಮ್ಮ ಊರಿನ ಗಿಳಿಯ ಹಾಗೆ ಪೊಟರೆ ಹುಡುಕುವುದಿಲ್ಲ, ಕಡ್ಡಿ ಒಟ್ಟಿ ವಠಾರದಂಥ ಗೂಡು ಕಟ್ಟುತ್ತವೆ. ಒಂದೊಂದು ಜೋಡಿಗೂ ಬೇರೆ ಬಾಗಿಲು. ಆ ವಠಾರದಲ್ಲಿ ವರ್ಷವಿಡೀ ವಾಸ, ರಾತ್ರಿ ಮಲಗುವುದೂ ಅಲ್ಲೇ. ಹಾಗಾಗಿ ಜನವರಿಯಲ್ಲಿ ಕಡ್ಡಿ ಹೊರುತ್ತಿದ್ದರೆ ಅದು ಮನೆ ರಿಪೇರಿ, ಬಾಣಂತನವಲ್ಲ. ಮೊಟ್ಟೆ ಸಾಮಾನ್ಯವಾಗಿ ವಸಂತಕ್ಕೇ.

ಹದ್ದಿನದೂ ಅಕಾಲವಲ್ಲ. ಬಾಲ್ಡ್ ಈಗಲ್‌ಗೆ ಟೆಕ್ಸಸ್‌ನಲ್ಲಿ ಗೂಡಿನ ಕಾಲ ಶುರುವಾಗುವುದೇ ಅಕ್ಟೋಬರಿನಲ್ಲಿ. ಹೆಚ್ಚಿನವು ಮೊಟ್ಟೆಯಿಡುವುದು ಡಿಸೆಂಬರಿನಲ್ಲಿ, ಮರಿ ಬರುವುದು ಜನವರಿಯಲ್ಲಿ. ಕೊಂಬಿನ ಗೂಬೆಯ ಕಥೆಯೂ ಅದೇ ಜಾಡಿನದು. ಆಸ್ಟಿನ್‌ನ ಲೇಡಿ ಬರ್ಡ್ ಜಾನ್ಸನ್ ವೈಲ್ಡ್‌ಫ್ಲವರ್ ಸೆಂಟರಿನ ಹೆಬ್ಬಾಗಿಲ ಮೇಲಿನ ಗಿಡದ ತೊಟ್ಟಿಯಲ್ಲಿ ಹತ್ತು ವರ್ಷಕ್ಕೂ ಮೀರಿ ಗೂಡು ಮಾಡಿದ ಅಥೀನಾ ಎಂಬ ಗೂಬೆಯನ್ನು ನಿಮ್ಮಲ್ಲಿ ಕೆಲವರು ಮಕ್ಕಳೊಂದಿಗೆ ಹೋಗಿ ನೋಡಿರಬಹುದು. ಮಿಕ್ಕ ಹಕ್ಕಿಗಳು ಇನ್ನೂ ಹಾಡು ಸರಿಮಾಡಿಕೊಳ್ಳುವ ಹೊತ್ತಿಗೆ ಈ ಜಾತಿ ಕಾವಿಗೆ ಕೂತಿರುತ್ತದೆ. ಕಾರಣ ಇದೆ. ಮೊಟ್ಟೆಗೆ ತಿಂಗಳಿಗೂ ಮೀರಿದ ಕಾವು ಬೇಕು, ಮರಿ ಗೂಡು ಬಿಡಲು ಮತ್ತೆ ಆರು ವಾರ, ಆಮೇಲೂ ತಿಂಗಳುಗಟ್ಟಲೆ ಅಪ್ಪ ಅಮ್ಮನ ಬೆನ್ನು ಹತ್ತಿ ಬೇಟೆ ಕಲಿಯಬೇಕು. ಮುಂದಿನ ಚಳಿಗಾಲದೊಳಗೆ ಮರಿ ಸ್ವಂತ ಕಾಲ ಮೇಲೆ ನಿಲ್ಲಬೇಕಾದರೆ ಮೊಟ್ಟೆ ಈಗಲೇ ಬೀಳಬೇಕು. ಡೆಡ್‌ಲೈನ್‌ನಿಂದ ಹಿಂದಕ್ಕೆ ಎಣಿಸಿ ಪ್ರಾಜೆಕ್ಟ್ ಶುರು ಮಾಡುವುದು ನಮಗೆ ಹೊಸದೇನಲ್ಲವಲ್ಲ. (ಅಂದ ಹಾಗೆ, ಗೂಬೆ ಕೂತರೆ ಮನೆಗೆ ಕೇಡು ಎಂಬ ನಮ್ಮ ಊರಿನ ಮಾತನ್ನು ದಯವಿಟ್ಟು ಇಲ್ಲಿಗೆ ಸೂಟ್‌ಕೇಸಿನಲ್ಲಿ ತರಬೇಡಿ. ಇಲಿ ಹಿಡಿಯುವ ಬಾಡಿಗೆಯಿಲ್ಲದ ನೆಂಟ ಅದು.)

ಉಳಿದದ್ದು ಬೆಳವ. ನಿಜವಾದ ಪ್ರಶ್ನೆ ಇರುವುದು ಇಲ್ಲಿ. ಅದಕ್ಕೆ ಉತ್ತರಿಸಬೇಕಾದರೆ ಹಕ್ಕಿಗೆ ತಿಂಗಳು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಬಹುಪಾಲು ಹಕ್ಕಿಗಳ ದೇಹದಲ್ಲಿ ಸಂತಾನದ ಅಂಗಗಳು ವರ್ಷವಿಡೀ ಕೆಲಸ ಮಾಡುವುದಿಲ್ಲ. ಕಾಲ ಮುಗಿದ ಮೇಲೆ ಕುಗ್ಗಿ ಸಾಸಿವೆ ಕಾಳಿನ ಗಾತ್ರಕ್ಕೆ ಇಳಿದುಬಿಡುತ್ತವೆ. ಹಾರುವ ಜೀವಕ್ಕೆ ಹೊರೆ ದುಬಾರಿ. ವಸಂತಕ್ಕೆ ಮತ್ತೆ ನೂರಾರು ಪಟ್ಟು ಬೆಳೆಯುತ್ತವೆ. ಇದಕ್ಕೆ ವಾರಗಳು ಬೇಕು. ಅಂದರೆ ಹುಳು ಸಿಕ್ಕಿತು, ಬಿಸಿಲು ಬಂತು, ನಾಳೆ ಮೊಟ್ಟೆಯಿಡೋಣ ಎಂದರೆ ಆಗದು. ಮುಂಚೆಯೇ ಸೂಚನೆ ಬೇಕು. ಆ ಸೂಚನೆ ಹಗಲಿನ ಉದ್ದ. ಮಳೆ, ಚಳಿ ವರ್ಷದಿಂದ ವರ್ಷಕ್ಕೆ ಮೋಸ ಮಾಡಬಹುದು, ಸೂರ್ಯ ಮಾಡುವುದಿಲ್ಲ.

ಇದನ್ನು ಮೊದಲು ಪ್ರಯೋಗದಿಂದ ತೋರಿಸಿದವರು ಕೆನಡಾದ ಎಡ್ಮಂಟನ್‌ನ ವಿಲಿಯಂ ರೋವನ್. 1920ರ ದಶಕದಲ್ಲಿ ಅವರು ಜುಂಕೊ ಎಂಬ ಪುಟ್ಟ ಹಕ್ಕಿಗಳನ್ನು ಶರತ್ಕಾಲದಲ್ಲಿ ಹಿಡಿದು ಹೊರಗಿನ ಪಂಜರಗಳಲ್ಲಿ ಇಟ್ಟರು. ಎಲೆಕ್ಟ್ರಿಕ್ ಬಲ್ಬಿನಿಂದ ದಿನವೂ ಸಂಜೆಯನ್ನು ಸ್ವಲ್ಪ ಸ್ವಲ್ಪ ಲಂಬಿಸಿದರು. ಆಲ್ಬರ್ಟಾದ ಮೂಳೆ ಕೊರೆಯುವ ಚಳಿಯಲ್ಲೇ ಹಕ್ಕಿಗಳ ದೇಹ ವಸಂತಕ್ಕೆ ಸಿದ್ಧವಾಯಿತು! ಚಳಿಯನ್ನಲ್ಲ, ಹಗಲನ್ನು ಅವು ಲೆಕ್ಕ ಹಾಕುತ್ತಿದ್ದವು.

ಮುಂದಿನ ಅಧ್ಯಾಯ ನಡೆದದ್ದು ನಮ್ಮ ಆಸ್ಟಿನ್‌ನಲ್ಲೇ. ಯೂನಿವರ್ಸಿಟಿ ಆಫ್ ಟೆಕ್ಸಸ್‌ಗೆ ಹೋಗಿ ಎಂ.ಎಸ್. ಮಾಡಿದ ನಮ್ಮವರು ನೂರಾರು ಮಂದಿ ಇದ್ದಾರೆ, ಈ ಕಥೆ ಕೇಳಿದವರು ಕಡಿಮೆ. ಮೈಕೆಲ್ ಮೆನೇಕರ್ ಅಲ್ಲಿ 1960-70ರ ದಶಕಗಳಲ್ಲಿ ಕೆಲಸ ಮಾಡಿದವರು, ಅವರ ಪ್ರಯೋಗದ ಹಕ್ಕಿ ನಮ್ಮ ಗುಬ್ಬಚ್ಚಿ. ಹಕ್ಕಿ ಹಗಲನ್ನು ಅಳೆಯುವುದು ಕಣ್ಣಿನಿಂದಲೇ? 1970ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವು ಗುಬ್ಬಚ್ಚಿಗಳ ನೆತ್ತಿಯ ಪುಕ್ಕ ಕಿತ್ತು ಬೆಳಕು ಒಳಗೆ ಹೋಗುವಂತೆ ಮಾಡಿದರು. ಇನ್ನು ಕೆಲವಕ್ಕೆ ನೆತ್ತಿಯ ಚರ್ಮದಡಿ ಇಂಡಿಯಾ ಇಂಕ್ ಎಂಬ ಕಪ್ಪು ಶಾಯಿ ಚುಚ್ಚಿ ಬೆಳಕಿಗೆ ಅಡ್ಡ ಕಟ್ಟಿದರು. ಎರಡೂ ಗುಂಪಿನ ಕಣ್ಣಿಗೆ ಬೀಳುವ ಬೆಳಕು ಒಂದೇ. ಪುಕ್ಕ ಕಿತ್ತವು ವಸಂತ ಬಂತೆಂದು ತಿಳಿದವು, ಶಾಯಿ ಬಿದ್ದವಕ್ಕೆ ಅದು ತಿಳಿಯಲೇ ಇಲ್ಲ. ಅಂದರೆ ಹಗಲಿನ ಉದ್ದವನ್ನು ಅಳೆಯುವ ಮೀಟರ್ ಇರುವುದು ಮಿದುಳಿನ ಒಳಗೆ, ಬೆಳಕು ತಲೆಬುರುಡೆ ತೂರಿ ಅಲ್ಲಿಗೆ ತಲುಪುತ್ತದೆ.

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದೊಂದು ಕ್ರಾನ್ ಜಾಬ್. ಹಗಲು ಇಷ್ಟು ಗಂಟೆ ಮುಟ್ಟಿದರೆ ಓಡು ಎಂದು ಬರೆದಿಟ್ಟಿದ್ದು. ನಿಲ್ಲಿಸುವ ಏರ್ಪಾಡೂ ಅದರಲ್ಲೇ ಇದೆ. ಕೆಲವು ತಿಂಗಳು ಉದ್ದ ಹಗಲು ಕಂಡ ಮೇಲೆ ದೇಹ ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಆದ್ದರಿಂದಲೇ ಆಗಸ್ಟಿನ ಹಗಲು ಏಪ್ರಿಲ್‌ನಷ್ಟೇ ಉದ್ದವಿದ್ದರೂ ಹೆಚ್ಚಿನ ಹಕ್ಕಿಗಳು ಆಗ ಹೊಸ ಗೂಡಿಗೆ ಕೈ ಹಾಕುವುದಿಲ್ಲ.

ಇಲ್ಲೇ ನಮ್ಮ ನಾಡಿನ ಮಾತು ಬರುತ್ತದೆ. ಡಲ್ಲಾಸಿನಲ್ಲಿ ಡಿಸೆಂಬರ್ 21ರ ಹಗಲು ಸುಮಾರು 10 ಗಂಟೆ, ಜೂನ್ 21ರದು 14 ಗಂಟೆ 20 ನಿಮಿಷದ ಹತ್ತಿರ. ಬೆಂಗಳೂರಿನಲ್ಲಿ ಕಿರಿಯ ಹಗಲು 11 ಗಂಟೆ 20 ನಿಮಿಷ, ಹಿರಿಯದು 12 ಗಂಟೆ 55 ನಿಮಿಷ. ಇಲ್ಲಿ ನಾಲ್ಕೂಕಾಲು ಗಂಟೆಗೂ ಹೆಚ್ಚಿನ ಅಂತರ, ಅಲ್ಲಿ ಬರೀ ಒಂದೂವರೆ ಗಂಟೆ. ಅಷ್ಟು ಸಣ್ಣ ಅಂತರವನ್ನು ಹಕ್ಕಿ ಗುರುತಿಸಲಾರದು ಎಂದಲ್ಲ, ಪನಾಮಾ ಕಾಡಿನ ಒಂದು ಪುಟ್ಟ ಹಕ್ಕಿ 17 ನಿಮಿಷದ ವ್ಯತ್ಯಾಸಕ್ಕೂ ಸ್ಪಂದಿಸುತ್ತದೆಂದು 1998ರಲ್ಲಿ ತೋರಿಸಿದ್ದಾರೆ. ಆದರೆ ನಮ್ಮಲ್ಲಿ ಊಟವನ್ನು ನಿರ್ಧರಿಸುವುದು ಮಳೆ. ಗೀಜಗ ಮುಂಗಾರು ಬಂದು ಹುಲ್ಲು ಉದ್ದವಾದ ಮೇಲೆ ಗೂಡು ನೇಯುತ್ತದೆ. ಕಾಗೆ ಮಳೆಗೆ ಮುಂಚೆ ಮುಗಿಸಿಕೊಳ್ಳಲು ನೋಡುತ್ತದೆ, ಅದರ ಗೂಡನ್ನೇ ನಂಬಿದ ಕೋಗಿಲೆಯೂ ಅದೇ ಸಮಯಕ್ಕೆ ಹೊಂದಿಕೊಳ್ಳುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಗೂಡು ಮಾಡುವುದು ನಾವು ಚಳಿಗಾಲ ಎನ್ನುವ ಹೊತ್ತಿಗೆ. ಮಳೆ ಮುಗಿದು ಕೆರೆಗಳಲ್ಲಿ ಮೀನು ತುಂಬಿರುವಾಗ. ಇಲ್ಲಿನ ಪಕ್ಷಿಪುಸ್ತಕ ಹಿಡಿದು ಅಲ್ಲಿಗೆ ಹೋದರೆ ಡಿಸೆಂಬರಿನ ಆ ಗೂಡುಗಳೆಲ್ಲ ಅಕಾಲವೇ! ಅಲ್ಲಿನ ಜನ ಮನೆ ಮುಂದಿನ ಹುಣಸೆಮರದಲ್ಲಿ ಹಕ್ಕಿ ಕೂತಿರುವಾಗ ಕಾಯಿ ಬಡಿಯದೆ ಬಿಟ್ಟವರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಮತ್ತೆ ಬಿಡುವ ಕೆಲಸವನ್ನು ಹೆಜ್ಜಾರ್ಲೆ ಬಳಗ ಊರವರ ಜೊತೆ ಸೇರಿ ಮಾಡುತ್ತ ಬಂದಿದೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು.

ಈಗ ನಮ್ಮ ಬೆಳವಕ್ಕೆ ಬರೋಣ. ಬೆಳವ, ಪಾರಿವಾಳದ ವಂಶ ಕ್ರಾನ್ ಜಾಬಿಗೆ ಅಷ್ಟಾಗಿ ಕಟ್ಟುಬಿದ್ದದ್ದಲ್ಲ. ಇದರ ಗುಟ್ಟು ಅಡುಗೆಮನೆಯಲ್ಲಿದೆ. ಮಿಕ್ಕ ಸಣ್ಣ ಹಕ್ಕಿಗಳು ಕಾಳು ತಿನ್ನುವವಾದರೂ ಹೆಚ್ಚಿನವು ಮರಿಗೆ ಹುಳುವನ್ನೇ ಕೊಡಬೇಕು. ಹುಳು ಇಲ್ಲದ ಕಾಲದಲ್ಲಿ ಮರಿ ಮಾಡಿದರೆ ಉಪವಾಸ. ಬೆಳವ ಹಾಗಲ್ಲ. ಗಂಡು ಹೆಣ್ಣು ಎರಡೂ ತಮ್ಮ ಗಂಟಲ ಚೀಲದಲ್ಲಿ ಹಾಲಿನಂಥ ಗಟ್ಟಿ ಪದಾರ್ಥ ತಯಾರಿಸಿ ಮರಿಗೆ ಉಣಿಸುತ್ತವೆ. ತಾವು ಕಾಳು ತಿಂದರೆ ಸಾಕು, ಮರಿಗೆ ಹಾಲು ಸಿದ್ಧ. ಕಾಳು ನಮ್ಮ ಹಿತ್ತಿಲ ಫೀಡರಿನಲ್ಲಿ ಹನ್ನೆರಡು ತಿಂಗಳೂ ಇದೆ. ಮೊಟ್ಟೆ ಎರಡೇ, ಕಾವು ಸುಮಾರು ಎರಡು ವಾರ, ಮರಿ ಹಾರಲು ಮತ್ತೆರಡು ವಾರ. ತಿಂಗಳಿಗೊಂದು ರಿಲೀಸ್! ಮೌರ್ನಿಂಗ್ ಡವ್ ಎಂಬ ಇಲ್ಲಿನ ಬೆಳವದಲ್ಲಿ ಹಗಲು ಹೊತ್ತಿನ ಕಾವು ಗಂಡಿನದು, ಸಂಜೆಯಿಂದ ಬೆಳಗಿನವರೆಗೆ ಹೆಣ್ಣಿನದು. ನಮ್ಮ ಆನ್‌ಸೈಟ್-ಆಫ್‌ಶೋರ್ ವ್ಯವಸ್ಥೆಗಿಂತ ಚೆನ್ನಾಗಿ ನಡೆಯುತ್ತದೆ. ಟೆಕ್ಸಸ್‌ನಲ್ಲಿ ಇದರ ಮುಖ್ಯ ಕಾಲ ವಸಂತದಿಂದ ಬೇಸಿಗೆ ಕೊನೆಯವರೆಗೆ. ಆದರೆ ಚಳಿಗಾಲ ಮೆತ್ತಗಿದ್ದರೆ ಯಾವ ತಿಂಗಳಲ್ಲಾದರೂ ಗೂಡು ಕಂಡೀತು.

ಹಾಗಿದ್ದರೆ ಡಲ್ಲಾಸ್ ಗೆಳೆಯರ ಮನೆಯದು ಯಾವ ಬೆಳವ? ಅದನ್ನು ಗುರುತಿಸಿದವರು ನಾನಲ್ಲ, ನಮ್ಮಮ್ಮ. ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ಕರೆ ಬಂದ ಶನಿವಾರ ಅವರನ್ನೂ ಕರೆದುಕೊಂಡು ಹೋಗಿದ್ದೆ. ಮರದ ಕೆಳಗೆ ನಿಂತು ಒಂದು ನಿಮಿಷ ನೋಡಿ, "ಲೋ, ಇದು ನಮ್ಮ ತೋಟದ ಬೆಳವ ಅಲ್ವೇನೋ? ಕೊರಳ ಹಿಂದೆ ಕಪ್ಪು ಗೆರೆ ನೋಡು. ಇದೂ ವೀಸಾ ಮಾಡಿಸ್ಕೊಂಡು ಬಂತಾ?" ಎಂದರು.

ಅಮ್ಮ ತಮಾಷೆಗೆ ಹೇಳಿದ್ದು ಅಕ್ಷರಶಃ ನಿಜ. ಯುರೇಷಿಯನ್ ಕಾಲರ್ಡ್ ಡವ್ ಎನ್ನುವ ಈ ಹಕ್ಕಿಯ ಮೂಲ ನಮ್ಮ ಉಪಖಂಡ ಎನ್ನುತ್ತಾರೆ. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಇವತ್ತಿಗೂ ಇದೆ. ಪಶ್ಚಿಮಕ್ಕೆ ಹಬ್ಬುತ್ತ ಟರ್ಕಿ, ಬಾಲ್ಕನ್ ದಾಟಿ, 20ನೆಯ ಶತಮಾನದಲ್ಲಿ ಯೂರೋಪನ್ನೆಲ್ಲ ಆವರಿಸಿತು. 1955ರಲ್ಲಿ ಬ್ರಿಟನ್‌ನಲ್ಲಿ ಗೂಡು ಮಾಡಿತು. 1974ರಲ್ಲಿ ಬಹಾಮಾಸ್‌ನ ನಸ್ಸಾವಿನಲ್ಲಿ ಸಾಕಿದ್ದ ಐವತ್ತರಷ್ಟು ಹಕ್ಕಿಗಳು ತಪ್ಪಿಸಿಕೊಂಡವು. 1980ರ ದಶಕದಲ್ಲಿ ಫ್ಲಾರಿಡಾ, 1990ರ ದಶಕದ ನಡುವಿನ ಹೊತ್ತಿಗೆ ಟೆಕ್ಸಸ್. ನಮ್ಮ ವೈ-ಟು-ಕೆ ತಂಡಗಳು ಡಲ್ಲಾಸಿಗೆ ಇಳಿದದ್ದೂ ಹೆಚ್ಚು ಕಡಿಮೆ ಆಗಲೇ! ಹೋದಲ್ಲೆಲ್ಲ ಬೆಳೆಯಲು ಒಂದು ಕಾರಣ, ಬೆಚ್ಚಗಿದ್ದರೆ ಇದು ವರ್ಷವಿಡೀ ಮರಿ ಮಾಡಬಲ್ಲದು.

ಅಂದರೆ ಡಿಸೆಂಬರಿನ ಆ ಗೂಡಿಗೆ ಹವಾಮಾನ ಬದಲಾವಣೆಯೇ ಕಾರಣ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ತಪ್ಪು. ಹಾಗೆಂದು ನಮ್ಮ ಕೈವಾಡವೇ ಇಲ್ಲ ಎನ್ನುವುದೂ ತಪ್ಪು. ಫೀಡರಿನ ಕಾಳು ನಮ್ಮದು. ರಾತ್ರಿಯ ದೀಪವೂ ನಮ್ಮದು. ಜರ್ಮನಿಯಲ್ಲಿ ಡೊಮಿನೋನಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಕೆಲಸವೊಂದಿದೆ. ಬ್ಲ್ಯಾಕ್‌ಬರ್ಡ್ ಎಂಬ ಹಕ್ಕಿಗಳಿಗೆ ರಾತ್ರಿ ಬರೀ 0.3 ಲಕ್ಸ್ ಬೆಳಕು ಕೊಟ್ಟರು, ಹುಣ್ಣಿಮೆ ಬೆಳಕಿಗೆ ಹತ್ತಿರದ್ದು. ಅವುಗಳ ದೇಹ ಒಂದು ತಿಂಗಳಷ್ಟು ಬೇಗ ಸಂತಾನಕ್ಕೆ ಸಿದ್ಧವಾಯಿತು. ರೋವನ್ ಬಲ್ಬು ಕಟ್ಟಿ ಮಾಡಿದ ಪ್ರಯೋಗವನ್ನು ನಮ್ಮ ಊರುಗಳು ರಾತ್ರಿಯಿಡೀ ಪುಕ್ಕಟೆಯಾಗಿ ಮಾಡುತ್ತಿವೆ ಎಂದಾಯಿತು. ಗ್ಯಾರೇಜಿನ ಮೇಲಿನ ಫ್ಲಡ್‌ಲೈಟನ್ನು ಮೋಷನ್ ಸೆನ್ಸರಿಗೆ ಹಾಕಲು ಹತ್ತು ನಿಮಿಷ ಸಾಕು.

ಬೇಗ ಶುರು ಮಾಡಿದರೆ ಏನು ನಷ್ಟ ಎಂದು ಕೇಳಬಹುದು. ಇಲ್ಲಿರುವವರಲ್ಲಿ ಹೆಚ್ಚಿನವರಿಗೆ 2021ರ ಫೆಬ್ರವರಿ ನೆನಪಿದೆ. ಕರೆಂಟ್ ಇಲ್ಲದೆ, ನೀರಿಲ್ಲದೆ, ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೂತ ರಾತ್ರಿಗಳು. ಫೆಬ್ರವರಿ 16ರಂದು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್. ಪರ್ಪಲ್ ಮಾರ್ಟಿನ್ ಎಂಬ ಹಕ್ಕಿ, ನಮ್ಮ ಅಂಬರಕೀಚುಗದ ನೆಂಟ, ದಕ್ಷಿಣ ಅಮೆರಿಕದಿಂದ ಹೊರಟು ಜನವರಿ ಕೊನೆಗೇ ಹ್ಯೂಸ್ಟನ್ ಕಡೆ ಬಂದಿಳಿಯುತ್ತದೆ. ಅದಕ್ಕೆ ಹಾರುವ ಹುಳುವೇ ಊಟ. ಆ ವಾರ ಗಾಳಿಯಲ್ಲಿ ಹುಳುವೇ ಇರಲಿಲ್ಲ. ಜನ ಕಟ್ಟಿಕೊಟ್ಟ ಗೂಡುಪೆಟ್ಟಿಗೆಗಳಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಲ್ಲೇ ಎಷ್ಟೋ ಹಕ್ಕಿಗಳು ಸತ್ತವು. ಬೇಗ ಬಂದವನಿಗೆ ಒಳ್ಳೆಯ ಗೂಡು ಸಿಗುತ್ತದೆ, ಆದರೆ ಇಂಥ ಒಂದು ವಾರ ಬಂದರೆ ಮೊದಲು ಹೋಗುವವನೂ ಅವನೇ. ಮೊಟ್ಟೆಯ ಮೇಲೆ ಕೂತ ಬೆಳವಕ್ಕೂ ಇದೇ ಜೂಜು. ತಾಯಿ ಆಹಾರಕ್ಕೆ ಎದ್ದರೆ ಮೊಟ್ಟೆ ತಣ್ಣಗಾಗುತ್ತದೆ, ಏಳದಿದ್ದರೆ ತಾನೇ ಉಳಿಯುವುದಿಲ್ಲ.

ಚಳಿಯ ಜೂಜು ಅದರದು, ನಾವು ಏನೂ ಮಾಡಲಾಗದು. ಗರಗಸ ಮಾತ್ರ ನಮ್ಮದು. ನಾನು ಇವತ್ತು ನಿಂತು ಮಾತಾಡುತ್ತಿರುವುದು ಮುಖ್ಯವಾಗಿ ಇದಕ್ಕೇ.

ಟೆಕ್ಸಸ್‌ನಲ್ಲಿ ಓಕ್ ಮರಗಳಿಗೆ ಓಕ್ ವಿಲ್ಟ್ ಎಂಬ ಶಿಲೀಂಧ್ರ ರೋಗವಿದೆ. ಆಸ್ಟಿನ್‌ನವರಿಗೆ ಚೆನ್ನಾಗಿ ಗೊತ್ತು. ಹಸಿ ಗಾಯಕ್ಕೆ ಬರುವ ಜೀರುಂಡೆಗಳು ರೋಗ ಹರಡುವುದರಿಂದ ಫೆಬ್ರವರಿಯಿಂದ ಜೂನ್‌ವರೆಗೆ ಓಕ್ ಕೊಂಬೆ ಕಡಿಯಬೇಡಿ ಎಂಬುದು ಟೆಕ್ಸಸ್ ಎ ಅಂಡ್ ಎಂ ಫಾರೆಸ್ಟ್ ಸರ್ವಿಸ್‌ನ ಸಲಹೆ. ಸರಿಯಾದ ಸಲಹೆ. ಆದರೆ ಬೇಸಿಗೆಯ ಬಿಸಿಲಿನಲ್ಲಿ ಯಾರಿಗೂ ಬೇಡವಾಗಿ, ಬಹಳ ಬಡಾವಣೆಗಳಲ್ಲಿ ಆ ಕೆಲಸವೆಲ್ಲ ಡಿಸೆಂಬರ್-ಜನವರಿಗೆ ಬಂದು ಬೀಳುತ್ತದೆ. ಚಳಿಗಾಲ, ಗೂಡು ಇರುವುದಿಲ್ಲ ಎಂಬ ನಂಬಿಕೆ ಬೇರೆ. ಚಳಿಗಾಲದಲ್ಲಿ ಎಲೆ ಉಳಿಸಿಕೊಳ್ಳುವ ಮರ ಲೈವ್ ಓಕ್. ಅಕಾಲದ ಬೆಳವ ಹುಡುಕುವ ಮರೆಯೂ ಅದೇ. ಒಂದು ಬಡಾವಣೆಯಲ್ಲಿ ಜನವರಿಯ ಬೆಳಿಗ್ಗೆ ಮೂರು ಮನೆಯ ಮರ ಸವರಿ ಹೋದ ಮೇಲೆ ಕೊಂಬೆಗಳ ರಾಶಿಯಲ್ಲಿ ಎರಡು ಮರಿಗಳಿದ್ದವು. ಒಂದು ಆಗಲೇ ಸತ್ತಿತ್ತು. ಕೆಲಸಗಾರರನ್ನು ಬೈದು ಪ್ರಯೋಜನವಿಲ್ಲ, ಮೇಲೆ ನೋಡಿ ಎಂದು ಅವರಿಗೆ ಹೇಳಿದವರೇ ಇರಲಿಲ್ಲ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1918ರ ಮೈಗ್ರೇಟರಿ ಬರ್ಡ್ ಟ್ರೀಟಿ ಆಕ್ಟ್ ಪ್ರಕಾರ ಸ್ಥಳೀಯ ಹಕ್ಕಿಗಳ ಮೊಟ್ಟೆ ಅಥವಾ ಮರಿ ಇರುವ ಗೂಡನ್ನು ಪರವಾನಗಿ ಇಲ್ಲದೆ ಗೊತ್ತಿದ್ದೂ ಕೆಡವುವುದು ಅಪರಾಧ. ಯಾವ ತಿಂಗಳು ಎಂದು ಆ ಕಾನೂನು ಕೇಳುವುದಿಲ್ಲ. 1998ರಲ್ಲಿ ಡಲ್ಲಾಸಿಗೆ ಅಂಟಿದ ಕ್ಯಾರಲ್ಟನ್ ನಗರದಲ್ಲಿ ಬೆಳ್ಳಕ್ಕಿಗಳ ಗೂಡಿದ್ದ ಮರಗಳ ಮೇಲೆ ಬುಲ್‌ಡೋಜರ್ ಓಡಿಸಿ ನೂರಾರು ಹಕ್ಕಿಗಳು ಸತ್ತಾಗ ನಗರಾಡಳಿತವೇ ದಂಡ ತೆರಬೇಕಾಯಿತು. ನಮ್ಮವರು ಎಷ್ಟೋ ಮಂದಿ ಈಗ ಮನೆ ಮಾಡಿರುವ ಜಾಗ ಅದು. ಹೊರಗಿನಿಂದ ಬಂದ ಗುಬ್ಬಚ್ಚಿ, ಪಾರಿವಾಳ, ನಮ್ಮ ಕೊರಳಪಟ್ಟಿಯ ಬೆಳವ, ಮಾಂಕ್ ಪ್ಯಾರಕೀಟ್ ಇವಕ್ಕೆ ಆ ರಕ್ಷಣೆ ಇಲ್ಲ. ನಮ್ಮ ಬೆಳವ ಇನ್ನೂ ಗ್ರೀನ್ ಕಾರ್ಡ್ ಕ್ಯೂನಲ್ಲೇ ಇದೆ ಎನ್ನಿ! ಆದರೆ ಕೆಳಗಿನಿಂದ ನೋಡಿದರೆ ಎಲೆ ಮರೆಯಲ್ಲಿ ಕಾಣುವುದು ಒಂದು ಬಾಲ, ಒಂದು ಕೊಕ್ಕು. ಬಾಲ ಚೂಪಾಗಿದ್ದರೆ ಮೌರ್ನಿಂಗ್ ಡವ್, ರೆಕ್ಕೆಯಂಚಿನಲ್ಲಿ ಬಿಳಿ ಪಟ್ಟಿ ಇದ್ದರೆ ವೈಟ್-ವಿಂಗ್ಡ್ ಡವ್, ಎರಡಕ್ಕೂ ರಕ್ಷಣೆ ಇದೆ. ಯಾವುದೆಂದು ತಿಳಿಯದಿದ್ದರೆ ನಾಲ್ಕು ವಾರ ಕಾಯುವುದು ಸುಲಭ. ಬೆಳವಕ್ಕೆ ಬೇಕಾದದ್ದೂ ಅಷ್ಟೇ ಸಮಯ.

ಆದ್ದರಿಂದ ನಿಮ್ಮ ಎಚ್.ಓ.ಎ. ಸಭೆಗೆ ಹೋಗಿ. ದೀಪಾವಳಿ ಪಟಾಕಿಯ ಬಗ್ಗೆ ಮಾತಾಡಲು ಮಾತ್ರ ಹೋಗಬೇಡಿ. ಗುತ್ತಿಗೆ ಕಾಗದದಲ್ಲಿ ಒಂದೇ ಸಾಲು ಸೇರಿಸಲು ಹೇಳಿ: ಕೊಂಬೆ ಕಡಿಯುವ ಮುನ್ನ, ಯಾವ ತಿಂಗಳೇ ಆಗಲಿ, ಗೂಡು ಇದೆಯೇ ಎಂದು ನೋಡಬೇಕು, ಇದ್ದರೆ ಆ ಕೊಂಬೆಯನ್ನು ಬಿಡಬೇಕು. ಸಾಧ್ಯವಾದರೆ ಓಕ್ ಕೆಲಸವನ್ನು ಅಕ್ಟೋಬರ್-ನವೆಂಬರಿಗೆ ಹಾಕಿಸಿ, ಬೇಸಿಗೆಯ ಗೂಡುಗಳು ಬಹುಪಾಲು ಮುಗಿದಿರುತ್ತವೆ, ಗೂಬೆ ಇನ್ನೂ ಕೂತಿರುವುದಿಲ್ಲ. ಆಗಲೂ ನೋಡಿಯೇ ಕಡಿಯಬೇಕು. ಪುಕ್ಕ ಬಂದ ಮರಿ ನೆಲದಲ್ಲಿ ಕಂಡರೆ ಬಿಟ್ಟುಬಿಡಿ, ಅಪ್ಪ ಅಮ್ಮ ಹತ್ತಿರದಲ್ಲೇ ಇರುತ್ತವೆ. ಪುಕ್ಕ ಬಾರದ್ದಾದರೆ ಮೆಲ್ಲಗೆ ಗೂಡಿಗೆ ಇಡಿ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಮನೆಯೊಳಗೆ ತಂದು ಹಾಲು, ಬ್ರೆಡ್ ತಿನ್ನಿಸಬೇಡಿ. ಗಾಯವಾಗಿದ್ದರೆ ಟೆಕ್ಸಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಪರವಾನಗಿ ಪಡೆದ ಆರೈಕೆದಾರರ ಪಟ್ಟಿಯನ್ನು ಕೌಂಟಿವಾರು ಕೊಡುತ್ತದೆ, ಅವರಿಗೆ ಫೋನ್ ಮಾಡಿ.

ಇನ್ನೊಂದು. ಅಕಾಲದ ಗೂಡು ಕಂಡರೆ ನನಗೆ ಫೋನ್ ಮಾಡುವುದು ಸಂತೋಷವೇ, ಜೊತೆಗೆ ಕಾರ್ನೆಲ್ ವಿಶ್ವವಿದ್ಯಾಲಯದ ನೆಸ್ಟ್‌ವಾಚ್‌ಗೂ ತಾರೀಖು ಸಮೇತ ಬರೆದುಬಿಡಿ. ಮಾರ್ಚ್‌ನಿಂದ ಜುಲೈವರೆಗಿನ ದಾಖಲೆ ಬೇಕಾದಷ್ಟಿದೆ. ಡಿಸೆಂಬರಿನಲ್ಲಿ ಮರ ಹುಡುಕುವವರು ಕಡಿಮೆ, ಹಾಗಾಗಿ ಅಕಾಲದ ಗೂಡು ಹೆಚ್ಚಾಗುತ್ತಿದೆಯೋ ಅಥವಾ ನಾವು ಈಗ ನೋಡಲು ಕಲಿತೆವೋ ಎಂದು ಬೇರ್ಪಡಿಸಿ ಹೇಳುವುದೇ ಕಷ್ಟ. ಮಕ್ಕಳಿಂದ ಬರೆಸಿ. ಡೈರಿಯಲ್ಲಿ ಹಕ್ಕಿಯ ಹೆಸರನ್ನು ಇಂಗ್ಲಿಷಿನ ಪಕ್ಕ ಕನ್ನಡದಲ್ಲೂ ಬರೆಯಲಿ. ಬೆಳವ, ಗೋವಕ್ಕಿ, ಗುಬ್ಬಚ್ಚಿ ಇಲ್ಲೂ ಇವೆ. ಅಜ್ಜಿ ಬಂದಾಗ ಕೇಳಿದರೆ ಉಳಿದ ಹೆಸರೂ ಸಿಗುತ್ತವೆ.

ಡಲ್ಲಾಸ್ ಗೆಳೆಯರ ಮರದ ಆ ಎರಡು ಮೊಟ್ಟೆಗಳಲ್ಲಿ ಒಂದು ಒಡೆಯಲಿಲ್ಲ. ಇನ್ನೊಂದರ ಮರಿ ಜನವರಿ ಎರಡನೆಯ ವಾರ ಹಾರಿತು. ಅದಾದ ಹತ್ತನೆಯ ದಿನ ಅದೇ ಗೂಡಿನಲ್ಲಿ ಮತ್ತೆರಡು ಮೊಟ್ಟೆ.